ಚಿನ್ನದ ಚೌಕಟ್ಟಿನಲ್ಲಿ ಲುಂಗ್ ಎಸ್ಕೊ

ಈ ಸಂಗತಿಯನ್ನು ನಾನು ಹೇಳಬೇಕಾಗಿರಲಿಲ್ಲ. ನನಗಿಂತ ಚೆನ್ನಾಗಿ ಹೇಳಬಲ್ಲವರು ನಮ್ಮ ಓಣಿಯಲ್ಲೇ ಇದ್ದಾರೆ. ತೋಂಗ್‌ದೀ ಮೇಷ್ಟ್ರು ಇದ್ದಾರೆ, ಜೀವಮಾನವೆಲ್ಲ ವ್ಯಾಕರಣ ಕಲಿಸಿದವರು. ಆದರೆ ಈ ಕಥೆಯಲ್ಲಿ ತಾವೂ ಬರುವುದರಿಂದ ಹೇಳಲಾರೆ ಎಂದುಬಿಟ್ಟರು. ನೂಡಲ್ಸ್ ಗಾಡಿಯ ಬುನ್‌ಚೂ ಹೇಳಿದರೆ ಕಥೆಯಲ್ಲಿ ಬುನ್‌ಚೂ ಒಬ್ಬನೇ ಉಳಿಯುತ್ತಾನೆ. ಹೀಗಾಗಿ ಸಂಜೆ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ನನ್ನ ಪಾಲಿಗೆ ಬಂತು. ತಪ್ಪಿದ್ದರೆ ಮನ್ನಿಸಬೇಕು. ಕಣ್ಣಾರೆ ಕಂಡದ್ದು, ಕಂಡವರು ಹೇಳಿದ್ದು, ಎಸ್ಕೊ ತಾನೇ ಹೇಳಿದ್ದು, ಇವನ್ನು ಬಿಟ್ಟು ಬೇರೇನೂ ಸೇರಿಸಿಲ್ಲ. ಸೇರಿಸಿದ್ದರೂ ಬುನ್‌ಚೂ ಗಿರಾಕಿಯ ಬಟ್ಟಲಿಗೆ ಸೇರಿಸುವ ಮಾಂಸದುಂಡೆಯಷ್ಟೇ, ಅಂದರೆ ಬಹಳ ಕಡಿಮೆ.

ಎಸ್ಕೊ ಫಿನ್ಲೆಂಡಿನವನು. ಅಲ್ಲಿ ವಿದ್ಯುತ್ ಮೀಟರ್ ಓದುವ ಕೆಲಸದಲ್ಲಿದ್ದು, ನಿವೃತ್ತನಾಗಿ, ಯೋಮ್ ನದಿಯ ದಂಡೆಯ ನಮ್ಮ ಊರಿಗೆ ಬಂದು, ಪಾ ಸಮೋನಳ ಹಿತ್ತಲ ಮರದ ಮನೆಯಲ್ಲಿ ಬಾಡಿಗೆಗಿದ್ದ. ವಯಸ್ಸಾದ ಗಂಡಸರೆಲ್ಲ ನಮಗೆ ಲುಂಗ್, ಹೆಂಗಸರೆಲ್ಲ ಪಾ. ದೊಡ್ಡಪ್ಪ, ದೊಡ್ಡಮ್ಮ ಅಂದ ಹಾಗೆ. ಎಸ್ಕೊ ಬಂದ ವರ್ಷವೇ ಲುಂಗ್ ಎಸ್ಕೊ ಆಗಿಹೋದ. ನಮ್ಮ ಮಾತನ್ನೂ ಕಲಿತ. ನಿಧಾನ, ಆದರೆ ಸ್ಪಷ್ಟ. ಒಂದೊಂದು ಪದವನ್ನೂ ಮೀಟರ್ ಓದಿದ ಹಾಗೆ ಎರಡು ಸಲ ನೋಡಿ ಹೇಳುತ್ತಿದ್ದ.

ಅವನು ಹೆದರುತ್ತಿದ್ದದ್ದು ಎರಡಕ್ಕೆ. ಒಂದು ಸಿಡಿಲು, ಇನ್ನೊಂದು ವಲಸೆ ಕಚೇರಿ. ಸಿಡಿಲಿಗೆ ಮಂಚದ ಕೆಳಗೆ ಜಾಗವಿತ್ತು. ಕಚೇರಿಗೆ ವರ್ಷಕ್ಕೊಮ್ಮೆ ಹೋಗಲೇಬೇಕಿತ್ತು, ಇನ್ನೊಂದು ವರ್ಷ ಇಲ್ಲಿರಲು ಅಪ್ಪಣೆ ಪಡೆಯುವುದಕ್ಕೆ. ಅದಕ್ಕಾಗಿ ಎರಡು ತಿಂಗಳು ಮುಂಚಿನಿಂದ ಕಾಗದ ಜೋಡಿಸುತ್ತಿದ್ದ. ಅರ್ಜಿ, ಬ್ಯಾಂಕಿನ ಪತ್ರ, ವೈದ್ಯರ ಪತ್ರ, ಫೋಟೊ, ಮನೆಗೆ ಬರುವ ದಾರಿಯ ನಕ್ಷೆ, ಮನೆಯಲ್ಲಿರುವವರ ಹುಟ್ಟು ಸಾವು ದಾಖಲಾಗುವ ಮನೆ ಪುಸ್ತಕದ, ಮನೆಯ ಯಜಮಾನ ಸಹಿ ಹಾಕಿದ ಪ್ರತಿ. ಎಲ್ಲದಕ್ಕೂ ಎರಡೆರಡು ಪ್ರತಿ, ಪ್ರತಿ ಹಾಳೆಗೂ ನೀಲಿ ಶಾಯಿಯ ಸಹಿ. ಕಚೇರಿಯ ಮೇಡಂ ಆ ಕಂತೆಯನ್ನು ತಿರುಗಿಸುವಾಗ ಎಸ್ಕೊ ಉಸಿರು ಹಿಡಿದಿರುತ್ತಿದ್ದ. ಮೇಡಂ ಸೀಲು ಎತ್ತಿದರೆ ಕಣ್ಣು ಮುಚ್ಚುತ್ತಿದ್ದ. ಸೀಲು ಬಿದ್ದ ಸದ್ದಿಗೆ ಮೈಯೆಲ್ಲ ಜುಮ್ಮೆನ್ನುತ್ತಿತ್ತಂತೆ. "ಆ ಹೆಂಗಸಿನ ಮುಂಗೈಯಲ್ಲಿ ನನ್ನ ಒಂದು ವರ್ಷ ಇದೆ" ಎಂದು ಬುನ್‌ಚೂಗೆ ಹೇಳಿದ್ದ. ಬುನ್‌ಚೂಗೆ ಮೇಡಂ ಗೊತ್ತು. ವಾರಕ್ಕೆರಡು ಸಲ ಬಂದು ಖಾರ ಜಾಸ್ತಿ ಹಾಕಿಸಿಕೊಂಡು ತಿನ್ನುತ್ತಾಳೆ. ಆದರೂ ಅಂದಿನಿಂದ ಅವಳ ಬಟ್ಟಲನ್ನು ಎರಡು ಕೈಯಲ್ಲಿ ಕೊಡತೊಡಗಿದ.

ಒಂದು ವರ್ಷ ಸೀಲು ಹೊಡೆದ ಮೇಲೆ ಮೇಡಂ ಒಂದು ಮಾತು ಹೇಳಿದಳು.

"ಲುಂಗ್, ಎಲ್ಲಾ ಸರಿ ಇದೆ. ಮುಂದಿನ ಸಲ ಫೋಟೊಗೆ ಒಂದು ಕಾಲರ್ ಇರೋ ಅಂಗಿ ಹಾಕ್ಕೊಳಿ."

ಅಷ್ಟೇ. ಆ ಮಾತನ್ನು ಎಸ್ಕೊ ವರ್ಷವಿಡೀ ಹೊತ್ತು ತಿರುಗಿದ. ಫೋಟೊದಲ್ಲಿ ಅವನು ಹಾಕಿದ್ದು ದುಂಡು ಕತ್ತಿನ ಬನಿಯನ್ನು. ಅದರ ಮೇಲೆ ಒಂದು ಮೀನಿನ ಚಿತ್ರ, ಅದೂ ಅರ್ಧ. ಒಂದು ದೇಶದ ಕಡತದೊಳಗೆ ಅರ್ಧ ಮೀನಿನೊಂದಿಗೆ ಕುಳಿತಿದ್ದೇನಲ್ಲ ಎಂದು ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಹೀಗಾಗಿ ಮರುವರ್ಷ ನೇರ ಪ್ರಯೂನನ ಸ್ಟುಡಿಯೊಗೆ ಹೋದ.

ಮಾರುಕಟ್ಟೆಯ ಹಿಂದಿನ ಆ ಸ್ಟುಡಿಯೊದಲ್ಲಿ ಮೊಳೆಗೆ ನೇತುಹಾಕಿದ ಒಂದು ಕರಿ ಕೋಟು ಇದೆ. ಎಲ್ಲ ಮೈಗೂ ಹೊಂದಲೆಂದು ಬೆನ್ನು ಸೀಳಿ, ಹಿಂದಿನಿಂದ ಬಟ್ಟೆ ಕ್ಲಿಪ್ಪು ಹಾಕುತ್ತಾನೆ. ಅರ್ಧ ಊರು ಆ ಕೋಟಿನಲ್ಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದೆ. ಉಳಿದ ಅರ್ಧ ಅದೇ ಕೋಟಿನಲ್ಲಿ ಪರಲೋಕಕ್ಕೆ ಹೋಗಿದೆ. ಪ್ರಯೂನ್ ಎಸ್ಕೊನಿಗೆ ಅದನ್ನು ತೊಡಿಸಿ, ಟೈ ಕಟ್ಟಿ, ತಲೆಗೆ ನೀರು ಹಚ್ಚಿ ಬಾಚಿ, ಕ್ಲಿಕ್ಕಿಸಿ, ಪರದೆಯ ಮೇಲೆ ತೋರಿಸಿದ.

ಎಸ್ಕೊ ಬೆರಗಾಗಿ ನೋಡಿದ. ಅಲ್ಲೊಬ್ಬ ನ್ಯಾಯಾಧೀಶ ಕುಳಿತಿದ್ದ. ಮೂವತ್ತಕ್ಕೂ ಹೆಚ್ಚು ವರ್ಷ ಪರರ ನೆಲಮಾಳಿಗೆಗಳಲ್ಲಿ ಟಾರ್ಚ್ ಹಿಡಿದು ಬಗ್ಗಿದ್ದ ಬೆನ್ನು ಕ್ಲಿಪ್ಪಿನ ಬಲದಿಂದ ನೆಟ್ಟಗಾಗಿತ್ತು. ಮನುಷ್ಯನಿಗೆ ಒಂದು ಕ್ಷಣ ಜಂಬ ಬರುವುದಕ್ಕೆ ಅಷ್ಟು ಸಾಕು.

"ಪ್ರಯೂನ್, ಚಿಕ್ಕವು ಇರಲಿ. ಇದನ್ನೇ ಒಂದು ದೊಡ್ಡದು ಮಾಡ್ತೀಯಾ?"

ಪ್ರಯೂನನ ಕೈ ಅಲ್ಲೇ ನಿಂತಿತು. "ಎಷ್ಟು ದೊಡ್ಡದು ಲುಂಗ್?"

ಎಸ್ಕೊ ಮಂಡಿಯಿಂದ ಎದೆಯವರೆಗೆ ಕೈಯಲ್ಲಿ ತೋರಿಸಿದ.

"ಚೌಕಟ್ಟು?"

"ಆ ಚಿನ್ನದ ಬಣ್ಣದ್ದು, ಹೂವಿನ ಕೆತ್ತನೆ ಇರೋದು."

"ಯಾವಾಗ ಬೇಕು?"

"ಚಿಕ್ಕವುಗಳ ಜೊತೆಗೇ, ತಿಂಗಳ ಕೊನೆಯೊಳಗೆ. ತಡ ಆಗಬಾರದು."

ನಮ್ಮ ಊರಿನಲ್ಲಿ ವಯಸ್ಸಾದವರು ಒಬ್ಬರೇ ಕುಳಿತು, ಕರಿ ಕೋಟು ತೊಟ್ಟು, ಅಷ್ಟು ದೊಡ್ಡ ಫೋಟೊ ತೆಗೆಸಿ, ಚಿನ್ನದ ಚೌಕಟ್ಟು ಹೇಳಿದರೆ ಅದು ಒಂದೇ ಕೆಲಸಕ್ಕೆ. ಶವಪೆಟ್ಟಿಗೆಯ ಪಕ್ಕದಲ್ಲಿ, ಹೂವಿನ ನಡುವೆ, ಬಂದವರಿಗೆಲ್ಲ ಕಾಣುವಂತೆ ಇಡುವುದಕ್ಕೆ. ಮಕ್ಕಳಿಗೆ ಅವಸರದಲ್ಲಿ ಹಳೆಯ ಗುಂಪು ಫೋಟೊ ಕತ್ತರಿಸುವ ತೊಂದರೆ ಆಗದಿರಲಿ ಎಂದು ತಿಳಿದವರು ತಾವೇ ಮುಂಚಿತವಾಗಿ ತೆಗೆಸಿಡುತ್ತಾರೆ. ಇದು ಎಷ್ಟು ಗೊತ್ತಿರುವ ವಿಷಯವೆಂದರೆ, ಇಷ್ಟು ವರ್ಷ ಇಲ್ಲಿದ್ದ ಎಸ್ಕೊನಿಗೆ ಇದನ್ನು ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ದಹನದ ದಿನಗಳಲ್ಲಿ ಅಂಥ ಫೋಟೊ ಕಂಡಿದ್ದರೂ, ಅವನ್ನು ಮನೆಯ ಗೋಡೆಯಿಂದ ಇಳಿಸಿ ತಂದದ್ದೆಂದು ಅವನು ತಿಳಿದಿದ್ದ.

ಪ್ರಯೂನ್ ಎದ್ದು ನಿಂತು ಕೈಮುಗಿದ. "ದೊಡ್ಡದಕ್ಕೆ ದುಡ್ಡು ಬೇಡ ಲುಂಗ್. ನನ್ನದೊಂದು ಪುಣ್ಯ ಅಂತ ಇರಲಿ."

ಕಚೇರಿಗೆ ಫೋಟೊ ತೆಗೆಸುವವರೆಂದರೆ ಈ ಊರಿನಲ್ಲಿ ಎಂಥ ಗೌರವ ಎಂದು ಎಸ್ಕೊ ಮನಸ್ಸು ತುಂಬಿ ಹೊರಬಂದ.

ಪ್ರಯೂನ್ ಯಾರಿಗೂ ಏನೂ ಹೇಳಲಿಲ್ಲ. ಅಂಗಡಿಯನ್ನು ಹೊತ್ತಿಗೆ ಮುಂಚೆ ಮುಚ್ಚಿ, ಬುನ್‌ಚೂನ ಗಾಡಿಯ ಮುಂದೆ ಕುಳಿತು, ನೂಡಲ್ಸ್ ಮುಟ್ಟದೆ ಕಣ್ಣೊರೆಸಿಕೊಂಡ, ಅಷ್ಟೇ. "ಯಾರು?" ಎಂದ ಬುನ್‌ಚೂ. ಪ್ರಯೂನ್ ಗಲ್ಲದಿಂದ ಓಣಿಯ ಹಿತ್ತಲ ಮನೆಯ ಕಡೆ ತೋರಿಸಿದ. ಸಾವು ಎಂಬ ಪದವನ್ನು ಬದುಕಿರುವವರ ಬೆನ್ನ ಹಿಂದೆ ಆಡುವುದೂ ನಮ್ಮಲ್ಲಿ ಮರ್ಯಾದೆಯಲ್ಲ. ಮುಖದ ಮುಂದಂತೂ ಇಲ್ಲವೇ ಇಲ್ಲ. ಆದ್ದರಿಂದ ಆ ವಾರ ಓಣಿಯಲ್ಲಿ ಯಾರೂ ಏನನ್ನೂ ಹೇಳಲಿಲ್ಲ, ಎಲ್ಲರಿಗೂ ಎಲ್ಲವೂ ಗೊತ್ತಾಯಿತು.

ಗೊತ್ತಾದ ಮೇಲೆ ಸಾಕ್ಷಿಗಳಿಗೇನು ಕೊರತೆ? ಸೋಮವಾರ ಎಸ್ಕೊ ದವಾಖಾನೆಯಿಂದ ಒಂದು ಕಾಗದ ಹಿಡಿದು ಹೊರಬಂದದ್ದನ್ನು ನಾಲ್ಕು ಜನ ಕಂಡರು. ಮರುದಿನ ಬ್ಯಾಂಕಿಗೆ ಹೋಗಿ ಬಹಳ ಹೊತ್ತು ಕುಳಿತಿದ್ದ. ಅದರ ಮರುದಿನ ಓಣಿಯ ಬಾಯಲ್ಲಿ ನಿಂತು, ಹಾಳೆಯ ಮೇಲೆ ಅಳತೆಪಟ್ಟಿ ಇಟ್ಟು ಗೆರೆ ಎಳೆಯುತ್ತಿದ್ದ. ಬುನ್‌ಚೂ ಗಾಡಿ ಬಿಟ್ಟು ಹತ್ತಿರ ಬಂದ.

"ಏನ್ ಬರೀತಿದೀರಿ ಲುಂಗ್?"

"ಮನೆಗೆ ದಾರಿ. ನನ್ನನ್ನ ನೋಡೋಕೆ ಬರೋರಿದ್ದರೆ ದಾರಿ ತಪ್ಪಬಾರದು. ನಿನ್ನ ಗಾಡಿ ಇಲ್ಲಿ ಹಾಕಿದೀನಿ ನೋಡು, ಗುರುತಿಗೆ."

ಬುನ್‌ಚೂ ನೋಡಿದ. ನಕ್ಷೆಯ ನಟ್ಟನಡುವೆ ಅವನ ಗಾಡಿ, ಛತ್ರಿಯ ಸಮೇತ.

"ತುಂಬಾ ಜನ ಬರ್ತಾರಾ ಲುಂಗ್?"

"ಒಬ್ಬಿಬ್ಬರು ಬಂದರೂ ಬರಬಹುದು. ಬರದೆಯೂ ಇರಬಹುದು. ನಮ್ಮ ಕಡೆಯಿಂದ ಎಲ್ಲಾ ಸಿದ್ಧ ಇರಬೇಕಲ್ಲ."

"ಬರ್ತಾರೆ ಲುಂಗ್" ಎಂದ ಬುನ್‌ಚೂ. "ಓಣಿ ಹಿಡಿಸೋದಿಲ್ಲ, ಅಷ್ಟು ಜನ ಬರ್ತಾರೆ. ನಾನು ನೋಡ್ಕೋತೀನಿ."

ಆ ಮಧ್ಯಾಹ್ನ ಎಸ್ಕೊನ ಬಟ್ಟಲಿನಲ್ಲಿ ನೂಡಲ್ಸೇ ಕಾಣದಷ್ಟು ಮಾಂಸದುಂಡೆಗಳಿದ್ದವು. ಬುನ್‌ಚೂನ ಇಡೀ ಚರಿತ್ರೆಯಲ್ಲಿ ಹಾಗೆ ಆಗಿದ್ದಿಲ್ಲ. ಪಕ್ಕದಲ್ಲಿ ಕುಳಿತಿದ್ದ ಗಿರಾಕಿ ತನ್ನ ಬಟ್ಟಲು ತೋರಿಸಿ, "ನಾನೇನು ಪಾಪ ಮಾಡಿದ್ದೆ?" ಎಂದು ಕೇಳಿದ. "ನಿಂಗಿನ್ನೂ ಟೈಮಿದೆ, ಸುಮ್ನೆ ತಿನ್ನು" ಎಂದ ಬುನ್‌ಚೂ.

ಎಲ್ಲ ಕಾಗದವೂ ಆಯಿತು, ಒಂದು ಬಿಟ್ಟು. ಮನೆ ಪುಸ್ತಕ.

ಇಷ್ಟು ವರ್ಷ ಅದರ ಪ್ರತಿಗೆ ಸಹಿ ಹಾಕುತ್ತಿದ್ದವನು ಪಾ ಸಮೋನಳ ಗಂಡ ಲುಂಗ್ ಖಾಮ್. ಎಸ್ಕೊ ಮತ್ತು ಅವನು ಸಂಜೆ ಜಗಲಿಯಲ್ಲಿ ಚದುರಂಗ ಆಡುತ್ತಿದ್ದರು. ಇಬ್ಬರೂ ಎಷ್ಟು ಯೋಚಿಸುತ್ತಿದ್ದರೆಂದರೆ ಒಂದು ಆಟ ಮುಗಿಯುವಷ್ಟರಲ್ಲಿ ಬೆಕ್ಕು ಮರಿ ಹಾಕುತ್ತಿತ್ತು. ಆ ವರ್ಷದ ಬೇಸಿಗೆಯಲ್ಲಿ ಖಾಮ್ ತೀರಿಕೊಂಡ. ಈಗ ಮನೆಯ ಯಜಮಾನಿ ಪಾ ಸಮೋನ್. ಅವಳು ಆ ನೀಲಿ ಪುಸ್ತಕವನ್ನು ಕೊನೆಯ ಬಾರಿ ಪೆಟ್ಟಿಗೆಯಿಂದ ತೆಗೆದದ್ದು ಗಂಡನ ಸಾವನ್ನು ದಾಖಲಿಸುವುದಕ್ಕೆ. ಪುರಸಭೆಯವರು ಅವನ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಸೀಲು ಹೊಡೆದು ಕೊಟ್ಟಿದ್ದರು. ಅವನೂ ಸಾಯುವ ಮುಂಚಿನ ತಿಂಗಳು ಪ್ರಯೂನನ ಕರಿ ಕೋಟು ಹಾಕಿಕೊಂಡಿದ್ದ.

ಎಸ್ಕೊ ಬಂದು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಕೇಳಿದ. "ಪಾ ಸಮೋನ್, ಮನೆ ಪುಸ್ತಕ ಬೇಕಿತ್ತು. ಒಂದು ಪ್ರತಿ ಮಾಡಿಸಿ, ನೀವು ಸಹಿ ಹಾಕಿಕೊಟ್ಟರೆ ನನ್ನ ಕೆಲಸ ಎಲ್ಲಾ ಮುಗೀತು."

ಪಾ ಸಮೋನಳ ಕೈಯಲ್ಲಿದ್ದ ಒರಳುಕೋಲು ಹಾಗೇ ನಿಂತಿತು. ಈ ಮನುಷ್ಯ ತನ್ನ ಸಾವನ್ನು ದಾಖಲಿಸುವ ಕಾಗದವನ್ನೂ ತಾನೇ ಮುಂಚಿತವಾಗಿ ಸಿದ್ಧಪಡಿಸುತ್ತಿದ್ದಾನೆ, ಆಮೇಲೆ ನನಗೆ ತೊಂದರೆ ಆಗದಿರಲಿ ಎಂದು. ಹಾಗೆಂದುಕೊಂಡಳು ಅವಳು. ಎಸ್ಕೊನನ್ನು ಬಲ್ಲವರು ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು.

"ಪುಸ್ತಕ ಸಿಗ್ತಿಲ್ಲ" ಎಂದಳು.

"ಪೆಟ್ಟಿಗೆಯಲ್ಲಿ ಇರುತ್ತೆ ಅಂತ ಖಾಮ್ ಹೇಳ್ತಿದ್ದ."

"ಪೆಟ್ಟಿಗೆ ಕೀಲಿ ಸಿಗ್ತಿಲ್ಲ."

ಕೀಲಿ ಅವಳ ಕೊರಳಿನಲ್ಲೇ ನೇತಾಡುತ್ತಿತ್ತು. ಇಬ್ಬರೂ ಅದನ್ನು ನೋಡಿದರು. ಎಸ್ಕೊ ಮರ್ಯಾದಸ್ಥ, ಚಪ್ಪಲಿ ಮೆಟ್ಟಿ ಹೊರಟ. ಮರುದಿನ ಕೇಳಿದಾಗ ಪುಸ್ತಕ ತಂಗಿಯ ಮನೆಯಲ್ಲಿತ್ತು. ಅದರ ಮರುದಿನ ಗೆದ್ದಲು ತಿಂದಿತ್ತು. ಆಮೇಲೆ ಗೆದ್ದಲು ತಿಂದ ಪುಸ್ತಕವೇ ಮತ್ತೆ ತಂಗಿಯ ಮನೆಗೆ ಹೋಯಿತು. ಎಸ್ಕೊನಿಗೆ ನಿದ್ದೆ ಹೋಯಿತು. ಆ ಒಂದು ಸಹಿ ಇಲ್ಲದೆ ಸೀಲಿಲ್ಲ. ಸೀಲಿಲ್ಲದೆ ತಿಂಗಳ ಕೊನೆಗೆ ದೇಶ ಬಿಡಬೇಕು. ಬಿಟ್ಟು ಹೋಗುವುದೆಲ್ಲಿಗೆ? ಫಿನ್ಲೆಂಡಿನಲ್ಲಿ ಅವನಿಗಾಗಿ ಯಾರ ಜಗಲಿಯೂ ಇರಲಿಲ್ಲ. ಸಾವಿರಾರು ಮನೆಗಳ ಬಾಗಿಲು ತಟ್ಟಿದ್ದ. ಅವನ ಹೆಸರೇನೆಂದು ಒಂದು ಮನೆಯವರೂ ಕೇಳಿರಲಿಲ್ಲ.

ಆ ದುಗುಡದಲ್ಲಿ ಅವನ ಮುಖ ಇಳಿಯಿತು. ಮುಖ ಇಳಿದದ್ದನ್ನು ಕಂಡು ಓಣಿಯ ಸಂಶಯವೆಲ್ಲ ತೀರಿತು.

ಶನಿವಾರ ತೋಂಗ್‌ದೀ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ದಹನದ ದಿನ ಬಂದವರಿಗೆ ಸತ್ತವರ ಜೀವನಚರಿತ್ರೆಯ ಒಂದು ಪುಟ್ಟ ಪುಸ್ತಕ ಹಂಚುವುದು ನಮ್ಮಲ್ಲಿ ವಾಡಿಕೆ. ಕೊನೆಯಲ್ಲಿ ಅವರಿಗೆ ಇಷ್ಟವಾದ ಅಡುಗೆಯ ವಿಧಾನವನ್ನೂ ಹಾಕುತ್ತಾರೆ. ಓಣಿಯ ಅಂಥ ಪುಸ್ತಕಗಳನ್ನೆಲ್ಲ ಬರೆದವರು ಮೇಷ್ಟ್ರೇ. ಸಾಮಾನ್ಯವಾಗಿ ಬರೆಯಬೇಕಾದಾಗ ಮಾಹಿತಿ ಕೇಳಲು ಜನ ಇರುವುದಿಲ್ಲ. ಈ ಸಲ ಮೂಲದಿಂದಲೇ ಸಿಗುವ ಅವಕಾಶವನ್ನು ಬಿಡಬಾರದೆಂದು ಬಂದಿದ್ದರು. ಎಸ್ಕೊ ಅವರನ್ನು ಕಚೇರಿ ಕಳಿಸಿದ ವಿಚಾರಣೆಯ ಅಧಿಕಾರಿ ಎಂದುಕೊಂಡು ಬೆನ್ನು ನೆಟ್ಟಗೆ ಮಾಡಿ ಕುಳಿತ. ನಿವೃತ್ತ ಮೇಷ್ಟ್ರುಗಳಿಗೆ ಸರ್ಕಾರ ಇಂಥ ಕೆಲಸ ಕೊಡುವುದು ಅವನಿಗೆ ಸಹಜವಾಗಿಯೇ ಕಂಡಿತು.

"ಜೀವನದಲ್ಲಿ ಮಾಡಿದ ದೊಡ್ಡ ಕೆಲಸ?" ಎಂದರು ಮೇಷ್ಟ್ರು.

"ಮನೆಮನೆಗೆ ಹೋಗಿ ಎಷ್ಟು ಕರೆಂಟು ಉರಿಸಿದ್ದಾರೆ ಅಂತ ನೋಡ್ತಿದ್ದೆ."

ಮೇಷ್ಟ್ರು ಬರೆದುಕೊಂಡು ಓದಿದರು. "ಮನೆಮನೆಗೂ ಬೆಳಕನ್ನು ಕೊಂಡೊಯ್ದವರು."

"ಕೊಂಡೊಯ್ಯಲಿಲ್ಲ ಸರ್. ಉರಿದದ್ದನ್ನ ಓದಿದೆ, ಅಷ್ಟೇ."

"ವಿನಯಶೀಲರು" ಎಂದು ಮೇಷ್ಟ್ರು ಸೇರಿಸಿದರು. "ಶತ್ರುಗಳು?"

"ಒಂದು ನಾಯಿ ಇತ್ತು. ಈಗ ಇರಲಾರದು."

"ಶತ್ರುಗಳನ್ನು ಮೀರಿ ಬದುಕಿದವರು. ಇಷ್ಟದ ಅಡುಗೆ?"

"ಆಲೂಗಡ್ಡೆ."

"ಮಾಡುವ ಕ್ರಮ?"

ಎಸ್ಕೊ ಆಳವಾಗಿ ಯೋಚಿಸಿದ. ತಪ್ಪು ಹೇಳಿದರೆ ಕಡತದಲ್ಲಿ ಉಳಿದುಹೋಗುತ್ತದೆ. "ಬೇಯಿಸೋದು" ಎಂದ.

"ಆಮೇಲೆ?"

"ಆಮೇಲೆ ತಿನ್ನೋದು. ಉಪ್ಪಿದ್ದರೆ ಉಪ್ಪು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ನಿರಾಡಂಬರ ಬದುಕನ್ನು ಅವರು ಅದುವರೆಗೆ ಬರೆದಿರಲಿಲ್ಲ. ಹೊರಡುವಾಗ ಎರಡೂ ಕೈ ಹಿಡಿದು, "ನಿಮ್ಮದನ್ನ ನಾನು ಚೆನ್ನಾಗಿ ಮಾಡ್ತೀನಿ. ಒಂದು ಅಕ್ಷರ ತಪ್ಪಿರೋಲ್ಲ" ಎಂದರು. ಒಬ್ಬ ಮುದುಕನನ್ನು ಇನ್ನೊಂದು ವರ್ಷ ಇಟ್ಟುಕೊಳ್ಳುವುದಕ್ಕೆ ಆಲೂಗಡ್ಡೆಯವರೆಗೂ ವಿಚಾರಿಸುವ ಸರ್ಕಾರದ ಕುರಿತು ಎಸ್ಕೊನಿಗೆ ರೋಮಾಂಚನವಾಯಿತು.

ಮಾರನೆಯ ದಿನ ದೇವಾಲಯದ ಹಿರಿಯ ಭಿಕ್ಷುಗಳು ಕರೆಸಿದರು. ಹಿತ್ತಲಿಗೆ ಕರೆದುಕೊಂಡು ಹೋಗಿ, ನದಿಯ ಕಡೆಗಿರುವ ಗೋಡೆಯನ್ನು ತೋರಿಸಿದರು. ಆ ಗೋಡೆಯಲ್ಲಿ ಚಿಕ್ಕ ಚಿಕ್ಕ ಗೂಡುಗಳಿವೆ. ಕೆಲವು ಕಲ್ಲು ಮುಚ್ಚಿದವು, ಕೆಲವು ತೆರೆದವು. ಮುಚ್ಚಿದ ಒಂದರ ಮೇಲೆ ಖಾಮ್‌ನ ಚಿಕ್ಕ ಫೋಟೊ ಇತ್ತು, ಕರಿ ಕೋಟಿನಲ್ಲಿ.

"ಇದರ ಪಕ್ಕದ್ದು ಖಾಲಿ ಇದೆ" ಎಂದರು ಭಿಕ್ಷುಗಳು. "ಬೆಳಗಿನ ಬಿಸಿಲು ಬೀಳುತ್ತೆ. ನಿಮಗೇ ಅಂತ ಇಟ್ಟಿದೀವಿ."

ಖಾಮ್‌ನ ಅಸ್ಥಿ ಇಲ್ಲಿದೆಯೆಂದು ಎಸ್ಕೊನಿಗೆ ಗೊತ್ತಿತ್ತು. ಆದರೆ ಪಕ್ಕದ ಗೂಡು ತನಗೇಕೆಂದು ಗೊತ್ತಾಗಲಿಲ್ಲ. ಗೆಳೆಯನಿಗೆ ಹೂವಿಡಲು ಒಂದು ಸ್ಥಳ ಕೊಟ್ಟಿದ್ದಾರೆ ಎಂದುಕೊಂಡು, "ಇಷ್ಟು ದೊಡ್ಡದು ಬೇಕಾಗಿರಲಿಲ್ಲ ಭಂತೆ" ಎಂದ. "ಸಾಲುತ್ತೆ, ಸಾಲುತ್ತೆ" ಎಂದು ಭಿಕ್ಷುಗಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ಅಳೆದರು. "ಆಮೇಲೆ ಎಲ್ಲರೂ ಒಂದೇ ಅಳತೆ."

ಅಂದು ಸಂಜೆ ಓಣಿಯೇ ಅವನ ಜಗಲಿಗೆ ಬಂತು. ಬೆಳ್ಳಿ ಬಟ್ಟಲಲ್ಲಿ ಮಲ್ಲಿಗೆ ತೇಲಿಸಿದ ನೀರು ತಂದಿದ್ದರು. ಹೊಸ ವರ್ಷಕ್ಕೆ ಹಿರಿಯರ ಅಂಗೈಗೆ ನೀರೆರೆದು, ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತೇವಲ್ಲ, ಹಾಗೆ. ಆದರೆ ಹೊಸ ವರ್ಷ ಇನ್ನೂ ದೂರವಿತ್ತು. ಒಬ್ಬೊಬ್ಬರಾಗಿ ಮಂಡಿಯೂರಿದರು. ಬುನ್‌ಚೂ ಇಷ್ಟು ವರ್ಷ ಮಾಂಸದುಂಡೆ ಕಡಿಮೆ ಹಾಕಿದ್ದಕ್ಕೆ ಕ್ಷಮೆ ಕೇಳಿದ. ಪ್ರಯೂನ್ ಚಿಕ್ಕ ಫೋಟೊದಲ್ಲಿ ಅವನ ಮೂಗನ್ನು ತುಸು ಚಿಕ್ಕದು ಮಾಡಿದ್ದನ್ನು ಒಪ್ಪಿಕೊಂಡ. ಯಾರೋ ಅವನ ಕೊಡೆ ಕದ್ದಿದ್ದರು. ಅದೂ ಅಂದು ವಾಪಸು ಬಂತು. ಎಸ್ಕೊ ಒದ್ದೆ ಅಂಗೈ ಚಾಚಿ ಕುಳಿತು ಬಿಕ್ಕಿದ. ಒಂದು ಸೀಲಿಗಾಗಿ ಇಡೀ ಓಣಿ ಹೀಗೆ ಪ್ರಾರ್ಥಿಸುವುದನ್ನು ಅವನು ಕನಸಿನಲ್ಲೂ ನೆನೆದಿರಲಿಲ್ಲ.

ಕೊನೆಗೆ ಪಾ ಸಮೋನ್ ಬಂದಳು. ಅವನ ಅಂಗೈಗೆ ನೀರೆರೆದಳು.

"ಪಾ ಸಮೋನ್" ಎಂದ ಎಸ್ಕೊ ಮೆಲ್ಲಗೆ, "ಪುಸ್ತಕ..."

ಅವಳು ಬಟ್ಟಲನ್ನು ಅಲ್ಲೇ ಇಟ್ಟು, ಮುಖ ಮುಚ್ಚಿಕೊಂಡು ಓಡಿದಳು.

ದೊಡ್ಡ ಫೋಟೊ ಬರಲಿಲ್ಲವಲ್ಲ ಎಂದು ಎಸ್ಕೊ ಮರುದಿನ ಪ್ರಯೂನನನ್ನು ಕೇಳಿದ. "ಆಗಲೇ ಕೊಟ್ಟೆ ಲುಂಗ್, ದೇವಾಲಯದ ಸಭಾಂಗಣಕ್ಕೆ. ಅಲ್ಲಿಗೇ ಅಲ್ವಾ ಎಲ್ಲಾ ಕೊಡೋದು?" ಎಂದ ಪ್ರಯೂನ್. ಎಸ್ಕೊ ಅಲ್ಲಿಗೆ ನಡೆದ.

ಸಭಾಂಗಣದಲ್ಲಿ ಯಾರೂ ಇರಲಿಲ್ಲ. ಎದುರಿಗೆ ಎತ್ತರದ ಮಣೆಯ ಮೇಲೆ ಅವನೇ ಕುಳಿತಿದ್ದ. ಚಿನ್ನದ ಚೌಕಟ್ಟು, ಅದಕ್ಕೆ ಕಪ್ಪು ಬಿಳಿ ಪಟ್ಟಿ, ಸುತ್ತ ಹೂವಿನ ಗೊಂಚಲಿಗೆಂದು ನಿಲ್ಲಿಸಿದ್ದ ಖಾಲಿ ಸ್ಟ್ಯಾಂಡುಗಳು. ಒಂದೊಂದಕ್ಕೂ ಚೀಟಿ ಅಂಟಿಸಿತ್ತು: ನೂಡಲ್ಸ್ ಗಾಡಿಯಿಂದ, ಸ್ಟುಡಿಯೊದಿಂದ, ಓಣಿಯ ಹೆಂಗಸರಿಂದ. ಮೇಜಿನ ಮೇಲೆ ಅಚ್ಚಾಗಿ ಬಂದ ಪುಟ್ಟ ಪುಸ್ತಕದ ಒಂದು ಪ್ರತಿ. ಮುಖಪುಟದಲ್ಲಿ ಅವನ ಹೆಸರು, ಹುಟ್ಟಿದ ಇಸವಿ, ಒಂದು ಅಡ್ಡಗೆರೆ, ಗೆರೆಯ ಆಚೆ ಖಾಲಿ ಜಾಗ. ಕೊನೆಯ ಪುಟದಲ್ಲಿ ಆಲೂಗಡ್ಡೆ.

ಮೀಟರ್ ಓದಿದವನಿಗೆ ಅಷ್ಟು ಸಾಕಾಯಿತು.

ಬೇರೆ ಯಾರೇ ಆಗಿದ್ದರೂ ಸಿಟ್ಟಾಗುತ್ತಿದ್ದರು, ಇಲ್ಲವೇ ನಗುತ್ತಿದ್ದರು. ಎಸ್ಕೊ ಚಪ್ಪಲಿ ಬಿಟ್ಟಿದ್ದೇನೆಯೇ ಎಂದು ಒಮ್ಮೆ ಕಾಲು ನೋಡಿಕೊಂಡು, ಕೈಕಟ್ಟಿ ನಿಂತ. ಚೀಟಿಗಳನ್ನು ಒಂದೊಂದಾಗಿ ಓದಿದ. ಮತ್ತೆ ಮೊದಲಿನಿಂದ ಓದಿದ. ತಾನು ಸತ್ತರೆ ಇಷ್ಟು ಹೂವು ಬರುತ್ತದೆ ಎಂಬ ಸುದ್ದಿ ಬದುಕಿರುವಾಗಲೇ ಎಷ್ಟು ಜನಕ್ಕೆ ಸಿಗುತ್ತದೆ?

ಆಮೇಲೆ ಅವನಿಗೆ ಪಾ ಸಮೋನಳ ಕೊರಳಿನ ಕೀಲಿ ನೆನಪಾಯಿತು. ಬಿರಬಿರನೆ ಮನೆಗೆ ನಡೆದ. ಅವಳು ಒಲೆಯ ಮುಂದೆ ಅಂಟಕ್ಕಿಯ ಬುಟ್ಟಿ ಇಡುತ್ತಿದ್ದಳು.

"ಪಾ ಸಮೋನ್, ನಾನು ಸಾಯ್ತಿಲ್ಲ."

ಆ ಪದವನ್ನು ಅಷ್ಟು ಬಿಚ್ಚಿ ಹೇಳಿದ್ದಕ್ಕೆ ಅವಳು ಬೆಚ್ಚಿ, ಬುಟ್ಟಿಯ ಮುಚ್ಚಳವನ್ನು ಎದೆಗೆ ಒತ್ತಿಕೊಂಡಳು.

"ಎಲ್ಲರೂ ಹಾಗೇ ಅಂತಾರೆ" ಎಂದಳು. "ಅವರೂ ಹಾಗೇ ಅಂದಿದ್ರು. ಕೋಟು ಹಾಕ್ಕೊಂಡು ಫೋಟೊ ತೆಗೆಸಿ ಬಂದು, ಸುಮ್ನೆ ತೆಗೆಸ್ದೆ ಕಣೇ ಅಂದ್ರು."

"ನಂದು ಕಚೇರಿಗೆ. ಅಲ್ಲಿಗೆ ಬೇಕಾಗಿದ್ದು ಚಿಕ್ಕದು. ದೊಡ್ಡದು... ಚೆನ್ನಾಗಿ ಕಂಡೆ, ಅದಕ್ಕೆ ಹೇಳಿದೆ. ಮನೆಯಲ್ಲಿ ಹಾಕ್ಕೊಳ್ಳೋಣ ಅಂತ."

"ದವಾಖಾನೆಗೆ ಹೋಗಿದ್ರಂತೆ."

"ಅದೂ ಕಚೇರಿಗೆ. ಡಾಕ್ಟರು ನಾಲಿಗೆ ನೋಡಿ, ಏನೂ ಇಲ್ಲ ಅಂತ ಬರೆದುಕೊಟ್ಟರು."

"ಅವರಿಗೂ ಏನೂ ಇಲ್ಲ ಅಂತಾನೇ ಬರೆದುಕೊಟ್ಟಿದ್ರು." ಅವಳು ಮುಚ್ಚಳ ಇಟ್ಟಳು. "ಲುಂಗ್, ನಾನು ಆ ಪುಸ್ತಕದ ಮೇಲೆ ಒಂದೇ ಸಲ ಸಹಿ ಹಾಕಿರೋದು. ಇನ್ನೊಂದು ಸಲ ನನ್ ಕೈಲಿ ಆಗಲ್ಲ."

ಎಸ್ಕೊ ಒಲೆಯ ಪಕ್ಕ ಕುಳಿತು ಹೇಳಿದ. "ನೀವು ಸಹಿ ಹಾಕದೆ ಹೋದರೆ ತಿಂಗಳ ಕೊನೆಗೆ ನಾನು ಹೋಗ್ತೀನಿ. ಸತ್ತಲ್ಲ, ವಿಮಾನದಲ್ಲಿ. ನನಗೆ ಎರಡೂ ಒಂದೇ."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಒಲೆಯ ಉರಿ ಕಡಿಮೆ ಮಾಡಿ, "ಪುಸ್ತಕ ನಾನೇ ತರ್ತೀನಿ. ಕಚೇರಿಗೆ ನಾನೂ ಬರ್ತೀನಿ. ಆ ಮೇಡಂ ಬಾಯಿಂದ ಕೇಳ್ದೆ ಸಹಿ ಹಾಕಲ್ಲ" ಎಂದಳು.

ಅವಳೊಬ್ಬಳೇ ಬರಬೇಕಿತ್ತು. ಆದರೆ ಬುನ್‌ಚೂನ ಪಿಕಪ್ ಹೊರಟಿತೆಂದರೆ ಓಣಿಯಲ್ಲಿ ಯಾರೂ ಮನೆಯಲ್ಲಿ ಉಳಿಯುವುದಿಲ್ಲ. ಕಚೇರಿಯ ಮುಂದೆ ಎಲ್ಲರೂ ಇಳಿದರು: ತೋಂಗ್‌ದೀ ಮೇಷ್ಟ್ರು, ಪ್ರಯೂನ್, ಹೆಂಗಸರು, ಹೆಂಗಸರ ಮಕ್ಕಳು. ನೂಡಲ್ಸಿನ ಪಾತ್ರೆಯನ್ನು ಇಳಿಸಲು ಪುರುಸೊತ್ತಿಲ್ಲದೆ ಅದನ್ನೂ ತಂದಿದ್ದರು. ದಾರಿಯಲ್ಲಿ ಎಸ್ಕೊ ನಡೆದದ್ದನ್ನೆಲ್ಲ ಹೇಳಿದ್ದ. ಎಲ್ಲರೂ ತಲೆಯಾಡಿಸಿದ್ದರು. ಯಾರೂ ಪೂರ್ತಿ ನಂಬಿದಂತೆ ಕಾಣಲಿಲ್ಲ. ಪಾಪ, ನಮಗೆ ದುಃಖ ಆಗಬಾರದೆಂದು ಹೇಳುತ್ತಿದ್ದಾನೆ ಎಂದು ಮೇಷ್ಟ್ರು ಪಕ್ಕದವರ ಕಿವಿಯಲ್ಲಿ ಹೇಳಿದರು.

ಮೇಡಂ ಕಂತೆ ತಿರುಗಿಸಿದಳು. ಎಸ್ಕೊ ಉಸಿರು ಹಿಡಿದ. ಅವನ ಹಿಂದೆ ನಿಂತಿದ್ದ ಇಡೀ ಓಣಿಯೂ ಉಸಿರು ಹಿಡಿಯಿತು. ಕಚೇರಿಯ ಫ್ಯಾನಿನ ಸದ್ದು ಆವತ್ತೇ ಮೊದಲ ಸಲ ಕೇಳಿಸಿತು. ಅವಳು ಫೋಟೊ ನೋಡಿದಳು. ಎಸ್ಕೊನನ್ನು ನೋಡಿದಳು.

"ಚೆನ್ನಾಗಿದೆ ಲುಂಗ್. ಕೋಟೇ ಬೇಕಾಗಿರಲಿಲ್ಲ, ಅಂಗಿ ಸಾಕಿತ್ತು."

ಪ್ರಯೂನ್ ತಲೆ ತಗ್ಗಿಸಿದ.

"ಮನೆ ಪುಸ್ತಕದ ಪ್ರತಿ?"

ಪಾ ಸಮೋನ್ ಮುಂದೆ ಬಂದಳು. ಪ್ರತಿಯನ್ನು ಎದೆಗೆ ಅವುಚಿಕೊಂಡಿದ್ದಳು. "ಮೇಡಂ, ಇದಕ್ಕೆ ನಾನು ಸಹಿ ಹಾಕಿದ್ರೆ ಇವರಿಗೆ ಏನಾಗುತ್ತೆ?"

"ಏನೂ ಆಗಲ್ಲ ಪಾ. ನಿಮ್ಮ ಮನೆಯಲ್ಲಿ ಇರ್ತಾರೆ ಅಂತ ನೀವು ಒಪ್ಪಿದ ಹಾಗೆ."

"ಇರ್ತಾರೆ ಅಂತ."

"ಇರ್ತಾರೆ ಅಂತ."

ಪಾ ಸಮೋನ್ ಅದನ್ನು ಮೇಜಿನ ಮೇಲಿಟ್ಟು, ಎಸ್ಕೊ ಚಾಚಿದ ನೀಲಿ ಪೆನ್ನು ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ಮೇಡಂ ಸೀಲು ಎತ್ತಿದಳು. ಎಸ್ಕೊ ಎಂದಿನಂತೆ ಕಣ್ಣು ಮುಚ್ಚಿದ. ಈ ಸಲ ಓಣಿಯೂ ಮುಚ್ಚಿತು. ಸದ್ದು ಬಿತ್ತು.

"ಮುಂದಿನ ವರ್ಷ ಇದೇ ತಾರೀಖಿನವರೆಗೆ" ಎಂದಳು ಮೇಡಂ. "ನೆನಪಿರಲಿ ಲುಂಗ್, ಇದು ಇರೋವಾಗ ನಮ್ಮ ಅಪ್ಪಣೆ ಇಲ್ದೆ ಹೊರಟುಹೋದ್ರೆ, ಎಲ್ಲಾ ರದ್ದು."

ದೇಶ ಬಿಟ್ಟು ಹೋಗುವುದರ ಬಗ್ಗೆ, ಸೀಲು ಪಡೆದವರಿಗೆಲ್ಲ ಅವಳು ದಿನಾ ಹೇಳುವ ಮಾತು ಅದು. ಪಾ ಸಮೋನ್ ಎಸ್ಕೊನ ಕಡೆ ತಿರುಗಿದಳು.

"ಕೇಳಿಸ್ತಾ ಲುಂಗ್? ಸರ್ಕಾರದವರೇ ಹೇಳಿದಾರೆ. ಹೇಳ್ದೆ ಕೇಳ್ದೆ ಹೋಗೋ ಹಾಗಿಲ್ಲ."

"ಇಲ್ಲ ಪಾ ಸಮೋನ್" ಎಂದ ಎಸ್ಕೊ. "ಹೋಗೋದಿಲ್ಲ."

ಹಿಂದಿನಿಂದ ತೋಂಗ್‌ದೀ ಮೇಷ್ಟ್ರು ಕೈ ಎತ್ತಿದರು. ಅವರಿಗೆ ಎಂಬತ್ತು ದಾಟಿದೆ. "ಮೇಡಂ, ಈ ಸೀಲು ಊರಿನವರಿಗೂ ಸಿಗುತ್ತಾ?" ಎಂದು ಕೇಳಿದರು. ಮೇಡಂ ನಕ್ಕಳು. ಮೇಷ್ಟ್ರು ನಗಲಿಲ್ಲ.

ಪಿಕಪ್ಪಿನಲ್ಲೇ ಎಲ್ಲರೂ ನೂಡಲ್ಸ್ ತಿಂದರು. ಎಸ್ಕೊನ ಬಟ್ಟಲಿನಲ್ಲಿ ಮಾಂಸದುಂಡೆಗಳು ಮತ್ತೆ ಹಳೆಯ ಲೆಕ್ಕಕ್ಕೆ ಬಂದಿದ್ದವು. ಅದನ್ನು ಕಂಡ ಮೇಲೆಯೇ ಅವನಿಗೆ ತಾನು ಬದುಕುತ್ತೇನೆಂದು ಪೂರ್ತಿ ಧೈರ್ಯ ಬಂದದ್ದು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಎಸ್ಕೊ ಪ್ರತಿ ವರ್ಷ ಕಾಲರ್ ಇರುವ ಅಂಗಿಯಲ್ಲಿ ಚಿಕ್ಕ ಫೋಟೊ ತೆಗೆಸುತ್ತಾನೆ. ಪಾ ಸಮೋನ್ ಪ್ರತಿ ವರ್ಷ ಜೊತೆಗೆ ಹೋಗಿ ಸಹಿ ಹಾಕುತ್ತಾಳೆ. ದೊಡ್ಡ ಫೋಟೊ ದೇವಾಲಯದ ಉಗ್ರಾಣದಲ್ಲಿ ಬಟ್ಟೆ ಸುತ್ತಿಕೊಂಡು ಕಾಯುತ್ತಿದೆ. ಮೇಷ್ಟ್ರ ಪುಸ್ತಕದ ಗೆರೆಯ ಆಚೆ ಜಾಗ ಇನ್ನೂ ಖಾಲಿ. ಸೀಲು ಬಿದ್ದ ದಿನ ಸಂಜೆ ಎಸ್ಕೊ ನದಿಯ ಕಡೆಯ ಗೋಡೆಗೆ ಹೋಗಿ ಖಾಮ್‌ಗೆ ಸುದ್ದಿ ಹೇಳಿ ಬರುತ್ತಾನೆ. ಪಕ್ಕದ ತೆರೆದ ಗೂಡನ್ನು ಯಾರೋ ಗುಡಿಸಿರುತ್ತಾರೆ. ಒಳಗೆ ಒಂದು ಹಸಿ ಮಲ್ಲಿಗೆ ಇರುತ್ತದೆ, ಖಾಮ್‌ನದರ ಮುಂದೆ ಇರುವಂಥದ್ದೇ.

ಅದನ್ನು ಯಾರು ಇಡುತ್ತಾರೆಂದು ನಾನು ಭಿಕ್ಷುಗಳನ್ನು ಕೇಳಿದೆ, ಬುನ್‌ಚೂನನ್ನು ಕೇಳಿದೆ. ಪಾ ಸಮೋನಳನ್ನು ಕೇಳಲು ಧೈರ್ಯ ಬರಲಿಲ್ಲ. ಯಾರೆಂದು ನನಗೆ ಗೊತ್ತಿಲ್ಲ.